ಹೂಳಿನೊಳಗಿನ ವಿಷ: ತೊಳೆಯುವುದೋ, ಸುಡುವುದೋ, ಮುಚ್ಚಿಡುವುದೋ?

ಹಿಂದಿನ ಸಂಚಿಕೆಯಲ್ಲಿ ಕೆರೆ ಹೂಳಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಹೊಸ ಓದುಗರಿಗೆ ಒಂದು ಮಾತು: ನಾನು ದಾವಣಗೆರೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪಾಠ ಹೇಳಿ ನಿವೃತ್ತಳಾದವಳು. ಅದಕ್ಕೂ ಮೊದಲು ಅಮೆರಿಕದ ಬಫಲೋ ಊರಲ್ಲಿ ಓದುವಾಗ ನದಿ ಕೆಸರಿನ ಬಾಟಲಿಗಳ ಜೊತೆ ಬಹಳ ಕಾಲ ಕಳೆದಿದ್ದೇನೆ. ಕೆಸರು ಅಂದರೆ ನನಗೆ ಸ್ವಲ್ಪ ಮಾತು ಜಾಸ್ತಿ.

ಪ್ರಶ್ನೆ: ಮೇಡಂ, ನಮ್ಮದು ಬಿಡದಿ ಕಡೆಯ ಹಳ್ಳಿ. ನಮ್ಮ ಕೆರೆಗೆ ವೃಷಭಾವತಿ ನೀರೇ ಗತಿ. ಹೂಳು ಕಪ್ಪಗಿದೆ, ಕೆಮಿಕಲ್ ನಾತ ಹೊಡೆಯುತ್ತದೆ. ಒಬ್ಬ ಕಂಟ್ರಾಕ್ಟರ್ ಪಂಚಾಯ್ತಿಗೆ ಬಂದು ಕರಪತ್ರ ಕೊಟ್ಟು ಹೋದರು. ಹೂಳನ್ನು ತೊಳೆಯುವುದು, ಕಾಯಿಸುವುದು, ಸಿಮೆಂಟ್ ಬೆರೆಸುವುದು, ಯಾವುದು ಬೇಕಾದರೂ ಮಾಡಿಕೊಡುತ್ತಾರಂತೆ. ಎಲ್ಲದರ ಮುಂದೆಯೂ "ಶೇ. 99 ವಿಷ ನಾಶ" ಅಂತ ಬರೆದಿದೆ. ಯಾವುದನ್ನು ಆರಿಸಬೇಕು?
— ಬಿಡದಿ ಸಮೀಪದ ಓದುಗರು

ಉತ್ತರ: ಎಲ್ಲದರ ಮುಂದೆಯೂ ಒಂದೇ 99 ಇದೆ ಅಂದಾಗಲೇ ಆ ಕರಪತ್ರವನ್ನು ಮಡಚಿ ಪಕ್ಕಕ್ಕಿಡಬಹುದು. ಯಾವ ವಿಷ ಅಂತ ಗೊತ್ತಿಲ್ಲದೆ ಯಾವ ಮದ್ದು ಅಂತ ಹೇಳಲಾಗದು. ನೀವು ಕೇಳಬೇಕಾದದ್ದು ಎರಡೇ ಪ್ರಶ್ನೆ. ಹೂಳಿನಲ್ಲಿ ಏನಿದೆ? ಕೆಲಸ ಮುಗಿದ ಮೇಲೆ ಅದು ಎಲ್ಲಿರುತ್ತದೆ?

ಮೊದಲನೆಯದನ್ನು ನೋಡೋಣ. ವೃಷಭಾವತಿ ಬೆಂಗಳೂರಿನ ಚರಂಡಿ ನೀರನ್ನೂ ಪೀಣ್ಯದ ಕಡೆಯ ಕಾರ್ಖಾನೆಗಳ ನೀರನ್ನೂ ಹೊತ್ತು ಕೆಂಗೇರಿ, ಬಿಡದಿ ದಾಟಿ ಬೈರಮಂಗಲಕ್ಕೆ ಬರುವ ಹೊಳೆ. ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳ ನೀರಲ್ಲಿ ಕ್ರೋಮಿಯಂ, ನಿಕಲ್, ಸತು ಇರುತ್ತವೆ. ಹಾಗಾಗಿ ನಿಮ್ಮ ಕೆರೆಯಲ್ಲಿ ನಾನು ಮೊದಲು ಹುಡುಕುವುದು ಲೋಹ. ಲೋಹ ಅಂದರೆ ಮೂಲಧಾತು. ಅದನ್ನು ಸುಟ್ಟರೂ ಹೋಗುವುದಿಲ್ಲ, ಬ್ಯಾಕ್ಟೀರಿಯಾ ತಿಂದರೂ ಹೋಗುವುದಿಲ್ಲ. "ಲೋಹ ನಾಶ" ಅಂತ ಬರೆದವರು ಒಂದೋ ಪಾಠ ಕಲಿತಿಲ್ಲ, ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾರೆ.

ಈಗ ತೊಳೆಯುವ ವಿಚಾರ. ತೊಳೆಯುವುದು ಅಂದರೆ ಸೋಪು ಹಾಕಿ ಉಜ್ಜುವುದಲ್ಲ, ಬಹುಪಾಲು ಮರಳು ಮತ್ತು ಜಿಗುಟನ್ನು ಬೇರೆ ಮಾಡುವುದು. ಕೆಸರನ್ನು ನೀರಲ್ಲಿ ಕಲಸಿ ಹೈಡ್ರೋಸೈಕ್ಲೋನ್ ಎಂಬ ಆಲಿಕೆ ಆಕಾರದ ಪಾತ್ರೆಗೆ ಜೋರಾಗಿ ತಳ್ಳುತ್ತಾರೆ. ಅದು ಒಳಗೆ ಗಿರಗಿರ ಸುತ್ತುತ್ತದೆ. ಭಾರದ ಮರಳು ಕೆಳಗಿಳಿಯುತ್ತದೆ, ನುಣುಪು ಜೇಡಿ ಮೇಲಿಂದ ಹೊರಗೆ ಹೋಗುತ್ತದೆ. ಮೊರದಲ್ಲಿ ಕೇರಿ ಕಾಳು, ಹೊಟ್ಟು ಬೇರೆ ಮಾಡಿದ ಹಾಗೆ, ಆದರೆ ಇಲ್ಲಿ ವಿಷ ಇರುವುದು ಹೊಟ್ಟಿನಲ್ಲಿ. ನುಣುಪು ಕಣಗಳಿಗೆ ಮೈ ಜಾಸ್ತಿ, ಅದಕ್ಕೇ ವಿಷ ಅವುಗಳಿಗೇ ಅಂಟಿಕೊಳ್ಳುತ್ತದೆ. ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ 1993ರಿಂದ ಮೇಥಾ ಎಂಬ ದೊಡ್ಡ ಘಟಕ ಇದೇ ಕೆಲಸ ಮಾಡುತ್ತಿದೆ. ಮರಳು ಬಳಕೆಗೆ ಹೋಗುತ್ತದೆ. ಹಿಂಡಿದ ಜೇಡಿ, ಅಂದರೆ ವಿಷ ಇರುವ ಪಾಲು, ಊರ ಹೊರಗೆ ಅದಕ್ಕೆಂದೇ ಕಟ್ಟಿದ ಗುಡ್ಡಗಳಿಗೆ ಹೋಗುತ್ತದೆ. ವಿಷ ನಾಶವಾಗಲಿಲ್ಲ, ರಾಶಿ ಚಿಕ್ಕದಾಯಿತು. ಅಷ್ಟೂ ದೊಡ್ಡ ಉಪಕಾರವೇ.

ಆದರೆ ಮರಳಿದ್ದರೆ ತಾನೇ ಅದನ್ನು ಬೇರೆ ಮಾಡುವುದು? ನಿಮ್ಮ ಹೂಳಿನಲ್ಲಿ ಮರಳೆಷ್ಟಿದೆ ಅಂತ ನೀವೇ ನೋಡಬಹುದು. ಕೈಗವಸು ಹಾಕಿಕೊಂಡು ಗಾಜಿನ ಬಾಟಲಿಗೆ ಕಾಲು ಭಾಗ ಹೂಳು, ಉಳಿದದ್ದು ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು. ಮರುದಿನವೂ ನೀರು ಕಲಕಿಯೇ ಇದ್ದರೆ ಜೇಡಿ. ನುಣುಪಿನ ಪಾಲು ಮೂರರಲ್ಲಿ ಒಂದಕ್ಕಿಂತ ಜಾಸ್ತಿಯಾದರೆ ತೊಳೆಯುವ ಯಂತ್ರಕ್ಕೆ ಕೊಟ್ಟ ದುಡ್ಡು ದಂಡ. ನಮ್ಮ ಕೆರೆಗಳ ಹೂಳು ಸಾಮಾನ್ಯವಾಗಿ ಜೇಡಿಯೇ, ಅಲ್ವಾ?

ಸಿಮೆಂಟ್ ಬೆರೆಸುವುದಕ್ಕೆ ಅರ್ಥವಿದೆ, ಲೋಹ ಆಗಿದ್ದರೆ. ಸಿಮೆಂಟಿನ ಕ್ಷಾರಕ್ಕೆ ಅನೇಕ ಲೋಹಗಳು ಕರಗದ ರೂಪಕ್ಕೆ ಬರುತ್ತವೆ, ಗಟ್ಟಿಯಾದ ಮೇಲೆ ನೀರು ಒಳಗೆ ಇಳಿಯುವುದೂ ಕಡಿಮೆ. ಆದರೆ ಕ್ಷಾರ ಅತಿಯಾದರೆ ಸೀಸ, ಸತು ಮತ್ತೆ ಕರಗಲು ಶುರು. ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ನೀರಲ್ಲಿ ಸುಲಭವಾಗಿ ಕರಗುವ ಅದರ ವಿಷದ ರೂಪ, ಇದ್ದರೆ ಮೊದಲು ಫೆರಸ್ ಸಲ್ಫೇಟ್‌ನಂಥದ್ದು ಹಾಕಿ ಅದನ್ನು ಮೂರು ವೇಲೆನ್ಸಿಗೆ ಇಳಿಸಬೇಕು, ಇಲ್ಲದಿದ್ದರೆ ಸಿಮೆಂಟ್ ಹಿಡಿದಿಡುವುದಿಲ್ಲ. ರಾಶಿಯೂ ಚಿಕ್ಕದಾಗುವುದಿಲ್ಲ, ಬೆಳೆಯುತ್ತದೆ. ಹಾಗಾಗಿ ಕಂಟ್ರಾಕ್ಟರ್ ಹತ್ತಿರ ಲೀಚಿಂಗ್ ಪರೀಕ್ಷೆಯ ವರದಿ ಕೇಳಿ. ಗಟ್ಟಿಯಾದ ತುಂಡನ್ನು ಪುಡಿ ಮಾಡಿ ಹುಳಿ ನೀರಲ್ಲಿ ಅಲ್ಲಾಡಿಸಿ ಎಷ್ಟು ಲೋಹ ಬಿಡುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ನಿಮ್ಮದೇ ಹೂಳಿನ ವರದಿ ಬೇಕು, ಇನ್ನೆಲ್ಲಿಯದೋ ಅಲ್ಲ.

ಇದೆಲ್ಲ ರಸಾಯನಶಾಸ್ತ್ರದ ಮಾತಾಯಿತು. ನಿಜವಾಗಿ ತೀರ್ಮಾನ ಹೇಗೆ ಆಗುತ್ತದೆ ಅನ್ನುವುದಕ್ಕೆ ನ್ಯೂ ಬೆಡ್‌ಫರ್ಡ್ ಕಥೆ ಹೇಳಲೇಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಹಳೇ ತಿಮಿಂಗಿಲ ಬೇಟೆಯ ಬಂದರು ಅದು. 1940ರ ದಶಕದಿಂದ 70ರ ದಶಕದವರೆಗೆ ಅಲ್ಲಿನ ಕೆಪಾಸಿಟರ್ ಫ್ಯಾಕ್ಟರಿಗಳಿಂದ ಪಿಸಿಬಿ ಎಣ್ಣೆ ಬಂದರಿನ ನೀರಿಗೆ ಹರಿಯಿತು. ಹಳೇ ಟ್ರಾನ್ಸ್‌ಫಾರ್ಮರುಗಳಲ್ಲಿ ಇರುತ್ತಿದ್ದ ಅದೇ ಎಣ್ಣೆ, ಕ್ಲೋರಿನ್ ಸೇರಿದ ವಿಷ. ಸುಮಾರು 5 ಎಕರೆ ಜಾಗದಲ್ಲಿ ಅದರ ಪ್ರಮಾಣ ಕಿಲೋ ಕೆಸರಿಗೆ 4,000 ಮಿಲಿಗ್ರಾಂನಿಂದ ಶುರುವಾಗಿ 1 ಲಕ್ಷ ದಾಟಿತ್ತು. ಅಂದರೆ ಕೆಲವು ಕಡೆ ಹತ್ತು ಕಿಲೋ ಒಣ ಕೆಸರಿಗೆ ಒಂದು ಕಿಲೋ ಪಿಸಿಬಿ. 1990ರಲ್ಲಿ ಸರ್ಕಾರ ಆ 5 ಎಕರೆಯ ಕೆಸರನ್ನು ಅಗೆದು, ದಡದಲ್ಲೇ ಕುಲುಮೆ ಇಟ್ಟು ಸುಡುವುದು ಅಂತ ತೀರ್ಮಾನಿಸಿತು. ಕಾಗದದ ಮೇಲೆ ಅದು ಸರಿಯಾದ ಆಯ್ಕೆಯೇ, ಪಿಸಿಬಿಯನ್ನು ಪೂರ್ತಿ ನಾಶ ಮಾಡುವುದು ಬೆಂಕಿ. ಆದರೆ ಊರಿನವರು ಒಪ್ಪಲಿಲ್ಲ. ಚಿಮಣಿಯ ಹೊಗೆ ತಮ್ಮ ಮಕ್ಕಳ ಮೇಲೆ ಬೀಳುತ್ತದೆ ಅಂತ ದೊಡ್ಡ ವಿರೋಧ ಎದ್ದಿತು. ಕುಲುಮೆ ನಿಂತಿತು.

1994-95ರಲ್ಲಿ ಕೆಸರನ್ನೇನೋ ಅಗೆದರು. ಸುಮಾರು 10,700 ಘನ ಮೀಟರ್, ನಮ್ಮ ದೊಡ್ಡ ಟಿಪ್ಪರಿನ ಲೆಕ್ಕದಲ್ಲಿ ಸಾವಿರ ಲೋಡ್ ಚಿಲ್ಲರೆ. ದಡದಲ್ಲಿ ಹಾಳೆ ಹಾಸಿದ ಹೊಂಡ ಮಾಡಿ ಅದರಲ್ಲಿ ತುಂಬಿಟ್ಟರು. ಆಮೇಲೆ ಬೇರೆ ಬೇರೆ ವಿಧಾನಗಳನ್ನು ಸಣ್ಣ ಪ್ರಮಾಣದಲ್ಲಿ ಪಕ್ಕಪಕ್ಕ ಪರೀಕ್ಷಿಸಿದರು. ಒಂದು, ದ್ರಾವಕದಲ್ಲಿ ಪಿಸಿಬಿ ಎಳೆದು ತೆಗೆದು ಅದರ ಕ್ಲೋರಿನ್ ಕಳಚುವುದು. ಇನ್ನೊಂದು, ಕಾಯಿಸಿ ಆವಿ ಮಾಡಿ ಆ ಆವಿಯನ್ನು ಹೈಡ್ರೋಜನ್ ಜೊತೆ ಒಡೆಯುವುದು. ಮತ್ತೊಂದು, ವಿದ್ಯುತ್ ಹರಿಸಿ ಕೆಸರನ್ನೇ ಕರಗಿಸಿ ಗಾಜು ಮಾಡುವುದು.

ಪರೀಕ್ಷೆ ಎಲ್ಲ ಆದ ಮೇಲೆ 1999ರಲ್ಲಿ ಆಗಿದ್ದೇನು ಗೊತ್ತೇ? ಯಾವುದೂ ಬೇಡ, ನೀರು ಹಿಂಡಿ ಲಾರಿಗೆ ತುಂಬಿ ಬೇರೆ ಕಡೆಯ ವಿಷತ್ಯಾಜ್ಯದ ಗುಂಡಿಗೆ ಕಳಿಸಿಬಿಡಿ ಅಂತ ತೀರ್ಮಾನವಾಯಿತು. 2000ರ ಹೊತ್ತಿಗೆ ಕಳಿಸಿಯೂ ಆಯಿತು. ಹತ್ತು ಸಾವಿರ ಘನ ಮೀಟರಿಗೋಸ್ಕರ ಒಂದು ಇಡೀ ಕಾರ್ಖಾನೆ ತಂದು ನಿಲ್ಲಿಸುವುದು ದುಬಾರಿ. ಜೊತೆಗೆ ಪಕ್ಕದಲ್ಲಿ ಬದುಕುವ ಜನ ಒಪ್ಪಬೇಕು. ನನ್ನನ್ನು ಕೇಳಿದರೆ ಆ ಊರಿನವರು ಪೂರ್ತಿ ತಪ್ಪಲ್ಲ, ಆದರೆ ವಿಷ ಇನ್ನೊಬ್ಬರ ಜಿಲ್ಲೆಗೆ ಹೋಯಿತು ಅನ್ನುವುದನ್ನೂ ಮರೆಯಬಾರದು.

ನಿಮ್ಮ ಕೆರೆಗೆ ನನ್ನ ಸಲಹೆ ಇಷ್ಟು. ಮೇಲಿಂದ ಬರುವ ನೀರು ನಿಲ್ಲುವವರೆಗೆ ಅಥವಾ ಶುದ್ಧವಾಗುವವರೆಗೆ ಹೂಳೆತ್ತುವ ಟೆಂಡರ್ ಕರೆಯಬೇಡಿ. ಒಂದೆರಡು ಮಳೆಗಾಲದಲ್ಲಿ ಮತ್ತೆ ಅದೇ ಕಪ್ಪು ಹೂಳು ಬಂದು ಕೂರುತ್ತದೆ. ಅಷ್ಟರಲ್ಲಿ ಕೆರೆಯ ನಾಲ್ಕಾರು ಕಡೆಯಿಂದ, ಮೇಲಿನ ಪದರ ಬೇರೆ, ಒಂದು ಮೀಟರ್ ಕೆಳಗಿನದು ಬೇರೆ ಮಾಡಿ ಮಾದರಿ ತೆಗೆಸಿ. ಎಷ್ಟೋ ಸಲ ಹಳೇ ಹೂಳು ಚೆನ್ನಾಗಿಯೇ ಇರುತ್ತದೆ, ಮೇಲಿನ ಪದರವೇ ಕೆಟ್ಟಿರುತ್ತದೆ. ಆಗ ಗುಂಡಿಗೆ ಹೋಗಬೇಕಾದ ಲೋಡು ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ: ಮೇಡಂ, ಇಷ್ಟೆಲ್ಲ ತಲೆಬಿಸಿ ಯಾಕ್ರಿ? ಒಂದ್ಸಲ ಸುಟ್ರ ಮುಗೀತಲ್ರಿ?
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ಪೆನ್ನು ತಗೋ, ಲೆಕ್ಕ ಮಾಡೋಣ. ಒಂದು ಟನ್ ಹಸಿ ಕೆಸರಲ್ಲಿ ಅರ್ಧ ನೀರು ಅಂತಿಟ್ಟುಕೋ. ಅದು 500 ಕಿಲೋ. 25 ಡಿಗ್ರಿಯ ನೀರನ್ನು ಕುದಿಸಿ ಆವಿ ಮಾಡಲು ಕಿಲೋಗೆ ಸುಮಾರು 2,570 ಕಿಲೋಜೂಲ್ ಬೇಕು. ಒಟ್ಟು 12.85 ಲಕ್ಷ ಕಿಲೋಜೂಲ್. ಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರಿನಲ್ಲಿರುವುದು ಸುಮಾರು 6.5 ಲಕ್ಷ. ಅಂದರೆ ಒಂದು ಹನಿ ಶಾಖವೂ ಪೋಲಾಗದೆ ಇದ್ದರೂ, ಟನ್ನಿಗೆ ಎರಡು ಸಿಲಿಂಡರ್ ಬರೀ ನೀರು ಓಡಿಸಲು ಖರ್ಚು. ಮಣ್ಣು ಕಾಯುವುದು, ವಿಷ ಒಡೆಯುವುದು ಆಮೇಲಿನ ಮಾತು. ಪಿಸಿಬಿ ಆದರೆ ಹೊಗೆಯನ್ನು 1,200 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡ್ ಹಿಡಿದಿಡಬೇಕು. ಅರೆಬರೆ ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ.

ಲೋಹಕ್ಕಂತೂ ಬೆಂಕಿ ಬೇಡವೇ ಬೇಡ. ಮೂರು ವೇಲೆನ್ಸಿಯ ಕ್ರೋಮಿಯಂ ಇರುವ ಮಣ್ಣನ್ನು ಸುಣ್ಣದ ಅಂಶದ ಜೊತೆ ಗಾಳಿಯಲ್ಲಿ ಕಾಯಿಸಿದರೆ ಒಂದಿಷ್ಟು ಆರು ವೇಲೆನ್ಸಿಗೆ ಏರುತ್ತದೆ. ಸುಮ್ನೆ ಮಲಗಿದ್ದದ್ದನ್ನು ಎಬ್ಬಿಸಿ ಕ್ಯಾನ್ಸರ್ ತರುವ ರೂಪ ಕೊಟ್ಟ ಹಾಗಾಯಿತು. ಪಾದರಸ ಮಾತ್ರ ಬೇರೆ ಜಾತಿ. ಅದು 357 ಡಿಗ್ರಿಗೇ ಕುದಿಯುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಆವಿಯನ್ನು ತಣಿಸಿದರೆ ಪಾದರಸವನ್ನೇ ವಾಪಸ್ ಹಿಡಿಯಬಹುದು. ಕೊಡೈಕೆನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಮಣ್ಣಿಗೆ ಆರಿಸಿದ್ದು ಇದನ್ನೇ, ಮೊದಲು ತೊಳೆಯುವುದು, ಆಮೇಲೆ ಕಾಯಿಸುವುದು. ಅಲ್ಲಿ ಜಗಳ ಆದದ್ದು ವಿಧಾನದ ಬಗ್ಗೆ ಅಷ್ಟಿಲ್ಲ. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಪಾದರಸ ಉಳಿಸಿದರೆ ಸಾಕೇ ಅನ್ನುವುದೇ ದೊಡ್ಡ ತಕರಾರು. ಕೆಳಗೆ ಪಾಂಬಾರ್ ಶೋಲಾ ಕಾಡಿದೆ, ಅಲ್ಲಿಗೆ ಇನ್ನೂ ಕಡಿಮೆ ಮಿತಿ ಬೇಕು ಅಂತ ಜನ ಕೇಳಿದರು. ನಾನೂ ಅವರ ಪಕ್ಷ.

ಬೆಂಕಿಗೂ ಜಾಗವಿದೆ. ಲೂಸಿಯಾನಾದ ಬಾಯು ಬೋನ್‌ಫೂಕಾ ಎಂಬ ಹಿನ್ನೀರಿನಲ್ಲಿ, ಮರದ ಕಂಬಗಳಿಗೆ ಹಾಕುವ ಕ್ರಿಯೋಸೋಟ್ ಎಣ್ಣೆ ತಳದಲ್ಲಿ ಹೆಪ್ಪುಗಟ್ಟಿತ್ತು. ಅದನ್ನು 1990ರ ದಶಕದ ನಡುವೆ ಅಲ್ಲೇ ಕುಲುಮೆ ಹಾಕಿ ಸುಟ್ಟರು. ಎಣ್ಣೆ ತಾನೇ ಉರಿಯುತ್ತದೆ, ಲೆಕ್ಕ ಕೂಡಿಬರುತ್ತದೆ.

ನೀನು ಕೆಮಿಕಲ್ ಓದುತ್ತಿದ್ದರೆ ಟ್ರೈಇಥೈಲ್ ಅಮೀನ್ ಬಗ್ಗೆ ಓದಿಕೋ. ಇಂಡಿಯಾನಾದ ಗ್ರ್ಯಾಂಡ್ ಕ್ಯಾಲುಮೆಟ್ ನದಿಯ ಕೆಸರಿಗೆ 1992ರಲ್ಲಿ ಪ್ರಯೋಗ ಮಾಡಿದ ದ್ರಾವಕ ಅದು. ತಣ್ಣಗಿದ್ದಾಗ ನೀರಲ್ಲಿ ಬೆರೆಯುತ್ತದೆ, ಸುಮಾರು 19 ಡಿಗ್ರಿ ದಾಟಿದರೆ ಬೇರೆಯಾಗುತ್ತದೆ. ನಾವು ಸಾಮಾನ್ಯವಾಗಿ ನೋಡುವುದಕ್ಕೆ ಪೂರ್ತಿ ಉಲ್ಟಾ. ತಣ್ಣಗೆ ಕಲಸಿದರೆ ಕೆಸರಿನ ನೀರು, ಎಣ್ಣೆ, ಪಿಸಿಬಿ ಎಲ್ಲ ಅದರೊಳಗೆ ಬರುತ್ತವೆ. ಮಣ್ಣನ್ನು ಸೋಸಿ, ದ್ರವವನ್ನು ಬೆಚ್ಚಗೆ ಮಾಡಿದರೆ ನೀರು ಕೆಳಗೆ, ಪಿಸಿಬಿ ಹೊತ್ತ ದ್ರಾವಕ ಮೇಲೆ. ಎಷ್ಟು ಚಂದದ ಉಪಾಯ! ಒಂದೇ ತೊಂದರೆ, ಅದು ಕೊಳೆತ ಮೀನಿನ ವಾಸನೆ ಹೊಡೆಯುತ್ತದೆ. ಲ್ಯಾಬಿನಲ್ಲಿ ಅದನ್ನು ಮುಟ್ಟಿದ ದಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು.

ಪ್ರಶ್ನೆ: ಅಕ್ಕಾ, ನಾವು ಆಲ್ಬನಿಯಲ್ಲಿದ್ದೇವೆ, ಮನೆಯಿಂದ ಹಡ್ಸನ್ ನದಿ ಹತ್ತಿರ. ಇಲ್ಲಿ ನದಿ ತಳವನ್ನು ಅಗೆದದ್ದೇ ತಪ್ಪು, ಸುಮ್ನೆ ಬಿಟ್ಟಿದ್ದರೆ ತಾನೇ ಹೂತು ಹೋಗುತ್ತಿತ್ತು ಅನ್ನುವವರಿದ್ದಾರೆ. ನಿಜವೇ? ಮೀನು ತಿನ್ನಬಹುದೇ?
— ಮೂಲ ತೀರ್ಥಹಳ್ಳಿಯ ಓದುಗರು, ನ್ಯೂಯಾರ್ಕ್ ರಾಜ್ಯ

ಉತ್ತರ: ಮೀನಿನ ಮಾತು ಮೊದಲು. ನಿಮ್ಮ ಮೇಲಿನ ಭಾಗದಲ್ಲಿ, ಹಡ್ಸನ್ ಫಾಲ್ಸ್‌ನಿಂದ ಟ್ರಾಯ್ ಅಣೆಕಟ್ಟಿನವರೆಗೆ, ಹಿಡಿದ ಮೀನನ್ನು ವಾಪಸ್ ಬಿಡಲೇಬೇಕು. ಆಲ್ಬನಿ ಭಾಗದ ಮೀನನ್ನೂ ಮಕ್ಕಳು, ಮಗು ಹೆರುವ ವಯಸ್ಸಿನ ಹೆಂಗಸರು ತಿನ್ನಬಾರದು ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಮಲೆನಾಡಿನವರಿಗೆ ಹೊಳೆ ಮೀನು ಬಿಡುವುದು ಕಷ್ಟ, ಗೊತ್ತು. ಅಂಗಡಿಯದನ್ನೇ ತನ್ನಿ.

ಇನ್ನು ಅಗೆತ. ಸುಮಾರು 1947ರಿಂದ 1977ರವರೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ 590 ಟನ್‌ವರೆಗೂ ಪಿಸಿಬಿ ಆ ನದಿಗೆ ಸೇರಿದೆ ಅನ್ನುವುದು ಅಂದಾಜು. ಅಗೆಯಬೇಕು ಅಂತ ಸರ್ಕಾರ 2002ರಲ್ಲಿ ತೀರ್ಮಾನಿಸಿತು. ಅಗೆದರೆ ಕಲಕುತ್ತದೆ ಅನ್ನುವುದು ಕಂಪನಿಯ ವಾದವಾಗಿತ್ತು. 2009ರ ಮೊದಲ ಹಂತದಲ್ಲಿ ಆ ವಾದಕ್ಕೆ ಬಲವೂ ಬಂತು. ತಳದಲ್ಲಿ ಹಳೇ ಮರದ ದಿಮ್ಮಿಗಳು, ತುಂಡುಗಳು ತುಂಬಿದ್ದವು. ಬಕೆಟ್ ಸರಿಯಾಗಿ ಮುಚ್ಚದೆ ಕೆಸರು ಸೋರಿತು, ಮೀನುಗಳಲ್ಲಿ ಪಿಸಿಬಿ ಸ್ವಲ್ಪ ಕಾಲ ಏರಿತು. 2010ರಲ್ಲಿ ನಿಲ್ಲಿಸಿ, ವಿಧಾನ ತಿದ್ದಿಕೊಂಡು, 2011ರಿಂದ 2015ರವರೆಗೆ ಮುಂದುವರಿಸಿದರು. ಒಟ್ಟು 21 ಲಕ್ಷ ಘನ ಮೀಟರ್ ಕೆಸರು, ಅದರ ಜೊತೆ ಸುಮಾರು 140 ಟನ್ ಪಿಸಿಬಿ ಹೊರಬಂತು. ಫೋರ್ಟ್ ಎಡ್ವರ್ಡ್‌ನಲ್ಲಿ ಕೆಸರನ್ನು ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ರೈಲಿನಲ್ಲಿ ಬೇರೆ ರಾಜ್ಯಗಳ ಗುಂಡಿಗೆ ಕಳಿಸಿದರು. ಇಲ್ಲೂ ಕೊನೆಗೆ ಗುಂಡಿಯೇ, ನೋಡಿ.

ನದಿ ನಿಂತ ನೀರಲ್ಲ. ಪ್ರವಾಹ ಬಂದಾಗ ಹೂತದ್ದು ಎದ್ದು ನಿಮ್ಮ ಊರಿಗೆ ಬರುತ್ತದೆ. 1973ರಲ್ಲಿ ಫೋರ್ಟ್ ಎಡ್ವರ್ಡ್‌ನ ಹಳೇ ಅಣೆಕಟ್ಟು ತೆಗೆದಾಗ ಅದರ ಹಿಂದಿದ್ದ ವಿಷದ ಕೆಸರು ಕೆಳಕ್ಕೆ ಹರಿದದ್ದೇ ಇದಕ್ಕೆ ಸಾಕ್ಷಿ. ಅದಕ್ಕೇ ಅಗೆದದ್ದು ಸರಿ ಅನ್ನುತ್ತೇನೆ.

ಮುಚ್ಚಿಡುವುದು ಎಲ್ಲಿ ಒಪ್ಪುತ್ತದೆ ಅಂತ ನೋಡಬೇಕೆಂದರೆ ಸಿರಾಕ್ಯೂಸ್ ಪಕ್ಕದ ಆನೊಂಡಾಗಾ ಸರೋವರಕ್ಕೆ ಹೋಗಿಬನ್ನಿ, ನಿಮಗೆ ದೂರವಿಲ್ಲ. ಅಲ್ಲಿ ಪಾದರಸದ ಕಾಟ. ಒಂದಿಷ್ಟು ಅಗೆದು, 475 ಎಕರೆ ತಳದ ಮೇಲೆ ಮರಳು ಮತ್ತಿತರ ಪದರ ಹಾಸಿದ್ದಾರೆ. ಆಳದ ನೀರಿಗೆ ನೈಟ್ರೇಟ್ ದ್ರಾವಣವನ್ನೂ ಬಿಡುತ್ತಾರೆ. ಆಮ್ಲಜನಕ ಮುಗಿದ ತಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಜಪಾನಿನ ಮಿನಮಾಟಾ ಊರಿನ ಜನರ ನರಗಳನ್ನು ತಿಂದದ್ದು ಅದೇ. ನೈಟ್ರೇಟ್ ಇದ್ದರೆ ಆ ಕೆಲಸಕ್ಕೆ ತಡೆ ಬೀಳುತ್ತದೆ. ಇಷ್ಟು ಕಡಿಮೆ ಖರ್ಚಿನ ಜಾಣತನ ಈ ಕ್ಷೇತ್ರದಲ್ಲಿ ನಾನು ಹೆಚ್ಚು ಕಂಡಿಲ್ಲ. ಆದರೆ ಬಿಡುತ್ತಲೇ ಇರಬೇಕು.

ಪ್ರಶ್ನೆ: ಮಿನಮಾಟಾ ಅಂದಾಗ ನೆನಪಾಯಿತು. ಅಲ್ಲಿನ ಕೊಲ್ಲಿಯ ಕೆಸರನ್ನು ಕೊನೆಗೆ ಏನು ಮಾಡಿದರು?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

*(ಇವರ ಪತ್ರ ಬಂದದ್ದು ಹಿಂದಿನ ಸಂಚಿಕೆಯಲ್ಲಿ ನಾನು ಆ ಊರಿನ ಹೆಸರೆತ್ತಿದ್ದಕ್ಕೆ.)*

ಉತ್ತರ: ಸರ್, ಶುದ್ಧ ಮಾಡಲಿಲ್ಲ, ನೆಲ ಮಾಡಿದರು. ಕಿಲೋಗೆ 25 ಮಿಲಿಗ್ರಾಂಗಿಂತ ಹೆಚ್ಚು ಪಾದರಸ ಇದ್ದ ಸುಮಾರು 15 ಲಕ್ಷ ಘನ ಮೀಟರ್ ಕೆಸರಿನ ಮೇಲೆ 1977ರಿಂದ 1990ರವರೆಗೆ ಕೆಲಸ ನಡೆಯಿತು. ಕೊಲ್ಲಿಯ ಒಳಭಾಗಕ್ಕೆ ಗೋಡೆ ಕಟ್ಟಿ, ಹೊರಗಿನ ಕೆಸರನ್ನು ಹೀರಿ ಒಳಗೆ ತುಂಬಿ, ಮೇಲೆ ಶುದ್ಧ ಮಣ್ಣು ಹಾಕಿದರು. 58 ಹೆಕ್ಟೇರ್ ಹೊಸ ಜಾಗವಾಯಿತು, ಈಗ ಅಲ್ಲಿ ಉದ್ಯಾನ ಇದೆ. ವಿಷದ ಮೀನು ಹೊರಗೆ ಹೋಗದಿರಲಿ ಅಂತ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಬಲೆಯನ್ನು ತೆಗೆದದ್ದು 1997ರಲ್ಲಿ. ಪಾದರಸ ಈಗಲೂ ಆ ಹುಲ್ಲಿನ ಕೆಳಗೇ ಇದೆ.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಗೆ ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಆರು ತಿಂಗಳಲ್ಲಿ ಹೂಳೇ ಮಾಯ ಅನ್ನುತ್ತಿದ್ದಾರೆ. ಸಂಘದವರು ದುಡ್ಡು ಕೊಡಬೇಕೇ?
— ಮೈಸೂರು

ಉತ್ತರ: ಬೇಡ. ಚರಂಡಿಯ ಕೊಳೆ ತಿನ್ನುವ ಬ್ಯಾಕ್ಟೀರಿಯಾ ನಿಮ್ಮ ಕೆರೆಯಲ್ಲಿ ಆಗಲೇ ಕೋಟ್ಯಂತರ ಇವೆ, ಅವಕ್ಕೆ ಬೇಕಾಗಿರುವುದು ಆಮ್ಲಜನಕ. ಮಣ್ಣಿನ ಹೂಳನ್ನು ಯಾವ ಜೀವಿಯೂ ತಿನ್ನುವುದಿಲ್ಲ. ಡಾಂಬರು ಗುಳಿಗೆಯ ನ್ಯಾಫ್ತಲೀನ್‌ನಂಥದ್ದನ್ನು ಗಾಳಿ ಕೊಟ್ಟರೆ ಚೆನ್ನಾಗಿ ತಿನ್ನುತ್ತವೆ, ನಿಜ. ಪಿಸಿಬಿಯ ಕ್ಲೋರಿನ್ ಕಳಚಲು ಕೂಡ ಕೆಲವಕ್ಕೆ ಬರುತ್ತದೆ, ಆದರೆ ಅವುಗಳ ಲೆಕ್ಕ ದಶಕಗಳಲ್ಲಿ. ಪುಡಿಯ ದುಡ್ಡಲ್ಲಿ ಕೆರೆಗೆ ಬೀಳುವ ಯುಜಿಡಿ (ಒಳಚರಂಡಿ) ಪೈಪು ಎಲ್ಲೆಲ್ಲಿದೆ ಅಂತ ಹುಡುಕಿಸಿ.

ಪ್ರಶ್ನೆ: ವರ್ತೂರು ಕೆರೆಯಿಂದ ತೆಗೆದ ಹೂಳು ಅಂತ ನಾಲ್ಕು ಚೀಲ ಸಿಕ್ಕಿದೆ. ಗೊಬ್ಬರದ ಸತ್ವ ಇದೆಯಂತೆ. ತಾರಸಿಯ ಕುಂಡಗಳಿಗೆ ಹಾಕಲೇ?
— ಬೆಂಗಳೂರು, ಬೆಳ್ಳಂದೂರು ಬಳಿ

ಉತ್ತರ: ಸತ್ವ ಇರುತ್ತದೆ, ಸಾರಜನಕ, ರಂಜಕ ಎರಡೂ. ಅದರ ಜೊತೆ ಇನ್ನೇನಿದೆ ಅನ್ನುವುದು ಪ್ರಶ್ನೆ. ಕೆರೆಯ ತಳದಲ್ಲಿ ಗಾಳಿಯಿಲ್ಲದೆ ಲೋಹಗಳು ಗಂಧಕದ ಜೊತೆ ಸಲ್ಫೈಡ್ ಆಗಿ ಕಟ್ಟಿಬಿದ್ದಿರುತ್ತವೆ, ಕಪ್ಪು ಬಣ್ಣ ಬರುವುದು ಅದರಿಂದಲೇ. ತಾರಸಿಯ ಬಿಸಿಲಿಗೆ ಹರಡಿದರೆ ಕೆಲವೇ ದಿನದಲ್ಲಿ ಕಪ್ಪು ಹೋಗಿ ಕಂದು ಬರುತ್ತದೆ. ಎಲ್ಲರೂ "ಚೆನ್ನಾಗಿ ಒಣಗಿತು" ಅಂತ ಖುಷಿಪಡುತ್ತಾರೆ. ಆಗ ಸಲ್ಫೈಡ್ ಒಡೆದು ಹುಳಿ ಹುಟ್ಟಿ, ಕಟ್ಟಿಬಿದ್ದಿದ್ದ ಲೋಹ ಬಿಡುಗಡೆಯಾಗಿರುತ್ತದೆ. ಗಿಡದ ಬೇರಿಗೆ ಸಿಗುವುದು ಆ ರೂಪವೇ.

ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಒಂದು ಕಿಲೋ ಕೊಟ್ಟು ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್ ನೋಡಿಸಿ. ನಮ್ಮ ದೇಶದ ಕಾಂಪೋಸ್ಟ್ ಗೊಬ್ಬರಕ್ಕೆ ಇರುವ ಮಿತಿ ಕಿಲೋಗೆ ಕ್ಯಾಡ್ಮಿಯಂ 5, ಸೀಸ 100, ಕ್ರೋಮಿಯಂ 50, ನಿಕಲ್ 50 ಮಿಲಿಗ್ರಾಂ. ಹೂಳಿಗೂ ಅದೇ ಅಳತೆ ಹಿಡಿಯಿರಿ. ಪಾಲಕ್, ದಂಟು ಥರದ ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಎಲೆಗೆ ಎಳೆದುಕೊಳ್ಳುವುದರಲ್ಲಿ ಮುಂದು. ವರದಿ ಬರುವವರೆಗೆ ಚೀಲದ ಬಾಯಿ ಕಟ್ಟಿ ನೆರಳಲ್ಲಿಡಿ, ಮಕ್ಕಳು ಆಡುವ ಕಡೆ ಬೇಡ. ಮಿತಿಯೊಳಗೆ ಬಂದರೆ ದಾಸವಾಳ, ಕಣಗಿಲೆಗೆ ಧಾರಾಳವಾಗಿ ಹಾಕಿ. ಸೊಪ್ಪಿನ ಕುಂಡಗಳಿಗೆ ಮಾತ್ರ ಬೇರೆ ಮಣ್ಣು ತನ್ನಿ.